ನೆರಳಲ್ಲಿ ಬೆಳೆದ ಎಲೆ, ಆರಿದ ನೀರು

ನೀರು ಈಗಷ್ಟೇ ಕುದಿಯಿತು. ಕೆಟಲ್ ಆಫ್ ಮಾಡಿದ್ದೇನೆ. ಈ ನೀರನ್ನು ಹೀಗೇ ಎಲೆಯ ಮೇಲೆ ಸುರಿದರೆ ಎಲೆ ಹಾಳು. ಹಾಗಾಗಿ ಆರಲಿ. ಎಷ್ಟು ಆರಬೇಕು? ಹಂಡೆಯಿಂದ ತೋಡಿದ ಸ್ನಾನದ ನೀರು ಇರುತ್ತಲ್ಲ, ತಣ್ಣೀರು ಬೆರೆಸುವುದಕ್ಕೆ ಮುಂಚೆ, ಹೆಚ್ಚುಕಮ್ಮಿ ಅಷ್ಟು. ಟೀ ಅಂದರೆ ಕುದಿಸಬೇಕು, ಉಕ್ಕಿ ಬಂದ ಮೇಲೆ ಇನ್ನೊಂದು ಸಲ ಉಕ್ಕಿಸಬೇಕು ಅಂತಲೇ ಬೆಳೆದವರು ನಾವು. ಇಲ್ಲಿ ಎಲ್ಲ ಉಲ್ಟಾ. ನೀರು ಆರುವಷ್ಟರಲ್ಲಿ ಈ ಎಲೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ.

ಇದರ ಹೆಸರು ಗ್ಯೊಕುರೊ, ನೆರಳಲ್ಲಿ ಬೆಳೆಸುವ ಜಪಾನಿನ ಹಸಿರು ಟೀ. ‘ಗ್ಯೊಕು’ ಅಂದರೆ ಬೆಲೆಬಾಳುವ ಹಸಿರು ಕಲ್ಲು, ಮಣಿ. ‘ರೊ’ ಅಂದರೆ ಇಬ್ಬನಿ. ಜಪಾನಿನಲ್ಲಿ ಬೆಳೆಯುವ ಒಟ್ಟು ಟೀಯಲ್ಲಿ ಇದರ ಪಾಲು ನೂರಕ್ಕೆ ಒಂದೂ ಇಲ್ಲ. ಜಪಾನಿನವರು ದಿನಾ ಕುಡಿಯುವುದು ಸೆಂಚಾ, ಬಾನ್ಚಾ, ಹೋಜಿಚಾ ಅನ್ನುವ ಮಾಮೂಲಿ ಟೀಗಳು. ಕ್ಯೋಟೋದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲೇ ಗ್ಯೊಕುರೊ ಸರಿಯಾಗಿ ಮಾಡಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ. ಹೆಸರಾದ ಜಾಗಗಳು ಮೂರು. ಕ್ಯೋಟೋ ಪಕ್ಕದ ಉಜಿ, ಕ್ಯೂಶೂ ದ್ವೀಪದ ಫುಕುಓಕಾದಲ್ಲಿರುವ ಯಾಮೆ, ಶಿಝುಓಕಾದ ಅಸಾಹಿನಾ ಕಣಿವೆ. ನನಗೆ ಗೊತ್ತಿರುವುದು ಹೆಚ್ಚಾಗಿ ಉಜಿ. ನಾಲ್ಕು ವರ್ಷ ಕ್ಯೋಟೋದಲ್ಲಿದ್ದೆ, ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ.

ಏಪ್ರಿಲ್ ಕೊನೆಗೆ ಉಜಿಗೆ ಹೋದರೆ ಎಷ್ಟೋ ಕಡೆ ಟೀ ತೋಟ ಕಾಣುವುದೇ ಇಲ್ಲ. ಕಪ್ಪು ಬಟ್ಟೆಯ ಚಪ್ಪರ ಕಾಣುತ್ತದೆ. ನಮ್ಮ ನರ್ಸರಿಗಳಲ್ಲಿ ಶೇಡ್ ನೆಟ್ ಕಟ್ಟಿರುತ್ತಾರಲ್ಲ, ಅದರಣ್ಣ. ಎಷ್ಟು ದಟ್ಟ ಅಂದರೆ, ಒಳಗೆ ಕಾಲಿಟ್ಟ ಮೇಲೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹೊರಗೆ ಬಟಾಬಯಲು ಬಿಸಿಲು, ಒಳಗೆ ಸಂಜೆ. ಮಾತು ಕೂಡ ತಾನಾಗಿ ಮೆಲ್ಲಗಾಗುತ್ತದೆ.

ಹಳೆಯ ಕ್ರಮದಲ್ಲಿ ಬಟ್ಟೆ ಇಲ್ಲ. ಕಂಬ ನೆಟ್ಟು, ಜೊಂಡಿನ ತಟ್ಟಿ ಹಾಸಿ, ಕೆಲವು ದಿನ ಬಿಟ್ಟು ಅದರ ಮೇಲೆ ಭತ್ತದ ಹುಲ್ಲು ಹರಡುತ್ತಾರೆ. ಮೊದಲು ತೆಳು ನೆರಳು, ಆಮೇಲೆ ಗಾಢ ನೆರಳು. ಈ ಚಪ್ಪರಕ್ಕೆ ‘ಹೊಂಝು’ ಅಂತ ಹೆಸರು. ಹುಲ್ಲು ಹರಡುವವರು ಆ ಬೊಂಬಿನ ಮೇಲೇ ನಡೆದಾಡಿಕೊಂಡು ಹರಡಬೇಕು. ಇಂಥ ಚಪ್ಪರ ಈಗ ಅಪರೂಪ. ಚಿಗುರು ಬಂದ ಮೇಲೆ ಸುಮಾರು ಮೂರು ವಾರ ಗಿಡ ಈ ಕತ್ತಲೆಯಲ್ಲಿರುತ್ತದೆ. ಆಮೇಲೆ ಮೇ ತಿಂಗಳಲ್ಲಿ ಒಂದೇ ಒಂದು ಕೊಯ್ಲು. ಒಳ್ಳೆಯದಾದರೆ ಕೈಯಲ್ಲೇ ಕೀಳುತ್ತಾರೆ. ಯಾಮೆಯಲ್ಲಂತೂ ‘ಸಾಂಪ್ರದಾಯಿಕ ಅಸಲಿ ಗ್ಯೊಕುರೊ’ ಅನ್ನಿಸಿಕೊಳ್ಳಬೇಕಾದರೆ ಗಿಡವನ್ನು ಮಟ್ಟಸವಾಗಿ ಕತ್ತರಿಸದೆ ಅದರ ಪಾಡಿಗೆ ಬೆಳೆಯಲು ಬಿಡಬೇಕು, ಹುಲ್ಲಿನಂಥ ಸಹಜ ವಸ್ತುವಿನದೇ ಹೊದಿಕೆ ಇರಬೇಕು, ಕೈಯಲ್ಲೇ ಕೀಳಬೇಕು.

ಅಲ್ಲಿ ಹಿಂದೆ ಕೂತವರು ಕೇಳುತ್ತಿದ್ದಾರೆ, ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಯೂ ನೆರಳಿನ ಬೆಳೆಯೇ ಅಲ್ವಾ ಅಂತ. ಹೌದು. ಆದರೆ ಅದು ಮರದ ನೆರಳು, ವರ್ಷವಿಡೀ ಇರುವಂಥದ್ದು, ಎಲೆಗಳ ಸಂದಿಯಿಂದ ಬಿಸಿಲು ಬೀಳುತ್ತಲೇ ಇರುತ್ತದೆ. ಇದು ಮೂರು ವಾರದ ಕತ್ತಲೆ. ನನಗೆ ಹತ್ತಿರ ಅನ್ನಿಸುವುದು ವೀಳ್ಯದೆಲೆ. ಅಡಿಕೆ ತೋಟದ ನೆರಳಲ್ಲಿ ಹಬ್ಬಿದ ಬಳ್ಳಿಯ ಎಲೆಯನ್ನೂ ಬಿಸಿಲಿಗೆ ಬಿದ್ದ ಬಳ್ಳಿಯ ಎಲೆಯನ್ನೂ ಅಗಿದು ನೋಡಿದವರಿಗೆ ನಾನು ಹೇಳುವುದು ಸುಲಭವಾಗಿ ಗೊತ್ತಾಗುತ್ತದೆ.

ನೆರಳಲ್ಲಿ ಏನಾಗುತ್ತದೆ? ಬೆಳಕು ಸಾಲದೆ ಗಿಡ ಒದ್ದಾಡುತ್ತದೆ. ಸಿಕ್ಕ ಚೂರು ಬೆಳಕನ್ನೇ ಹಿಡಿಯಲು ಎಲೆಯನ್ನು ತೆಳ್ಳಗೆ, ಅಗಲವಾಗಿ ಹರಡುತ್ತದೆ, ಪತ್ರಹರಿತ್ತನ್ನು ಜಾಸ್ತಿ ತುಂಬಿಕೊಳ್ಳುತ್ತದೆ. ಅದಕ್ಕೇ ಈ ಕಡು ಹಸಿರು. ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುತ್ತದೆ. ಟೀ ಗಿಡದ ಬೇರಿನಲ್ಲಿ ಥಿಯಾನಿನ್ ಅನ್ನುವ ಅಮೈನೋ ಆಮ್ಲ ತಯಾರಾಗುತ್ತದೆ. ಅದು ಮೇಲೆ ಹತ್ತಿ ಎಲೆಗೆ ಬರುತ್ತದೆ. ಎಲೆಗೆ ಬಿಸಿಲು ಬಿದ್ದರೆ ಈ ಥಿಯಾನಿನ್ ಒಡೆದು ಕ್ಯಾಟೆಚಿನ್ ಆಗುವ ದಾರಿ ಹಿಡಿಯುತ್ತದೆ. ಥಿಯಾನಿನ್ ರುಚಿ ಹಿತ, ಸಿಹಿಯ ಕಡೆಗೆ. ಕ್ಯಾಟೆಚಿನ್ ರುಚಿ ಒಗರು. ಬಿಸಿಲು ತಡೆದರೆ ಬೇರಿನಿಂದ ಬಂದದ್ದು ಎಲೆಯಲ್ಲಿ ಹಾಗೇ ಉಳಿಯುತ್ತದೆ. ಥಿಯಾನಿನ್ ಅನ್ನು ಮೊದಲು ಬೇರ್ಪಡಿಸಿದ್ದೂ ಗ್ಯೊಕುರೊ ಎಲೆಯಿಂದಲೇ. 1949–50ರ ಹೊತ್ತಿಗೆ, ಕ್ಯೋಟೋದ ಟೀ ಸಂಶೋಧನಾ ಕೇಂದ್ರದಲ್ಲಿ, ಸಕಾತೊ ಯಾಜಿರೊ ಅನ್ನುವವರು.

ಚಪ್ಪರ ಹಾಕಲು ಶುರು ಮಾಡಿದವರಿಗೆ ಇದೆಲ್ಲ ಗೊತ್ತಿರಲಿಲ್ಲ. ವಸಂತದ ಮಂಜಿಗೆ ಚಿಗುರು ಸುಟ್ಟುಹೋಗುತ್ತದೆ ಅಂತ ಮುಚ್ಚಿದರು, ಮುಚ್ಚಿದ್ದರಿಂದ ರುಚಿ ಬಂತು ಅಂತ ಹೇಳುತ್ತಾರೆ. 1577ರಲ್ಲಿ ಜಪಾನಿಗೆ ಹೋಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದ ಪೋರ್ಚುಗೀಸ್ ಪಾದ್ರಿ ಜೊಆವೊ ರೊಡ್ರಿಗೆಸ್, ಉಜಿಯ ತೋಟಗಳಿಗೆ ಜೊಂಡು ಹುಲ್ಲು ಹೊದಿಸುವುದನ್ನು ಬರೆದಿಟ್ಟಿದ್ದಾನೆ. ಆಗ ಆ ಎಲೆ ಹೋಗುತ್ತಿದ್ದದ್ದು ಮಾಚಾಕ್ಕೆ, ಅಂದರೆ ಬೀಸಿ ಪುಡಿ ಮಾಡುವ ಟೀಗೆ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಹೊಸೆದು, ಒಣಗಿಸುವ ಸೆಂಚಾ ಕ್ರಮವನ್ನು 1738ರಲ್ಲಿ ಹದಕ್ಕೆ ತಂದವನು ನಾಗತಾನಿ ಸೊಏನ್, ಉಜಿ ಹತ್ತಿರದ ಹಳ್ಳಿಯವನು. ಸುಮಾರು ನೂರು ವರ್ಷದ ಮೇಲೆ ಇವೆರಡೂ ಕೂಡಿದವು. ನೆರಳಿನ ಎಲೆಯನ್ನು ಬೀಸುವ ಬದಲು ಹೊಸೆದರು. 1835ರಲ್ಲಿ ಎಡೊ ನಗರದ, ಅಂದರೆ ಈಗಿನ ಟೋಕಿಯೋದ, ಟೀ ವ್ಯಾಪಾರಿ, ಆರನೇ ತಲೆಮಾರಿನ ಯಾಮಾಮೊತೊ ಕಾಹೆಯಿ, ಉಜಿಯ ಓಗುರಾಕ್ಕೆ ಬಂದಿದ್ದಾಗ ಒಣಗುತ್ತಿದ್ದ ಎಲೆಯನ್ನು ಕೈಯಲ್ಲಿ ತಿಕ್ಕುತ್ತಾ ಸಣ್ಣ ಸಣ್ಣ ಉಂಡೆ ಮಾಡಿದ, ಅದೇ ಮೊದಲ ಗ್ಯೊಕುರೊ ಅನ್ನುವುದು ಪ್ರಚಲಿತ ಕಥೆ. ಉಂಡೆ ಹೋಗಿ ಈಗಿನ ಸೂಜಿಯ ಆಕಾರ ಬಂದದ್ದು ಮೇಯಿಜಿ ಕಾಲದಲ್ಲಿ, ಅಂದರೆ 1868ರ ನಂತರ.

ಇತಿಹಾಸ ಇಷ್ಟು ಸಾಕು. ನೀರು ನೋಡೋಣ.

ಇನ್ನೂ ಬಿಸಿ ಇದೆ. ಈಗ ಈ ಬಟ್ಟಲಿಗೆ ಸುರಿಯುತ್ತೇನೆ. ಇದಕ್ಕೆ ‘ಯುಝಮಾಶಿ’ ಅನ್ನುತ್ತಾರೆ, ಬಿಸಿನೀರು ಆರಿಸುವ ಪಾತ್ರೆ ಅಂತಲೇ ಅರ್ಥ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸಿದಾಗಲೆಲ್ಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹಾಕಿ ಆರಿಸುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಷ್ಟು ಪುರಸೊತ್ತಿಲ್ಲದವರಿಗೆ ಇನ್ನೊಂದು ಉಪಾಯ ಇದೆ. ಕುದಿದ ನೀರು ಒಂದು ಅಳತೆ, ಮನೆಯಲ್ಲಿಟ್ಟ ಕುಡಿಯುವ ನೀರು ಒಂದು ಅಳತೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ. ಮಡಕೆಯದ್ದು ಬೇಡ, ಸುಮ್ನೆ ಇಟ್ಟ ನೀರು 25 ಇರುತ್ತದೆ. ಎರಡೂ ಸೇರಿದರೆ 60ರ ಆಸುಪಾಸು. ಥರ್ಮಾಮೀಟರ್ ಯಾಕೆ?

ಎಲೆ ನೋಡಿ, ಈ ತಟ್ಟೆಯನ್ನು ಮುಂದೆ ಕಳಿಸಿ. ಸೂಜಿಯ ಹಾಗೆ ಸುರುಳಿ, ಮೇಲೊಂದು ಹೊಳಪು. ಮೂಗಿನ ಹತ್ತಿರ ಹಿಡಿಯಿರಿ. ಕಡಲ ಪಾಚಿಯ ವಾಸನೆ ಅಂತ ಜಪಾನಿನವರು ಹೇಳುತ್ತಾರೆ. ‘ಓಇಕಾ’ ಅಂತ ಇದಕ್ಕೊಂದು ಹೆಸರೇ ಇದೆ, ಹೊದಿಕೆಯ ಪರಿಮಳ. ನನಗೆ ಕಡಲ ಪಾಚಿ ತಿಂದು ಅಭ್ಯಾಸ ಇರಲಿಲ್ಲ. ನನಗೆ ಬಂದದ್ದು ಬೇಯಿಸಿದ ಮುಸುಕಿನ ಜೋಳದ ವಾಸನೆ. ತೆನೆಯ ಸಿಪ್ಪೆ ಬಿಡಿಸಿದ ತಕ್ಷಣ ಮುಖಕ್ಕೆ ಹೊಡೆಯುವ ಆವಿ ಇದೆಯಲ್ಲ, ಅದು. ಹೇಳಲು ನಾಚಿಕೆಯಾಗಿತ್ತು. ಆಮೇಲೆ ಓದಿದರೆ ಎರಡಕ್ಕೂ ಕಾರಣ ಒಂದೇ ವಸ್ತು, ಡೈಮೀಥೈಲ್ ಸಲ್ಫೈಡ್. ನಿಮ್ಮ ಮೂಗು ಹೇಳಿದ್ದನ್ನು ನಂಬಿ.

ಈಗ 10 ಗ್ರಾಂ ಎಲೆ ಹಾಕುತ್ತಿದ್ದೇನೆ. ನೀರು 60 ಎಂ.ಎಲ್., ಅಂದರೆ ನಮ್ಮ ಸಣ್ಣ ಕಾಫಿ ಲೋಟದ ಅರ್ಧ. ಇಷ್ಟು ಎಲೆಗೆ ಇಷ್ಟೇ ನೀರಾ ಅಂತ ನಗಬೇಡಿ. ಮನೆಯಲ್ಲಿ ನಾನೂ 5 ಗ್ರಾಮೇ ಹಾಕುವುದು, ನೀರನ್ನೂ ಅರ್ಧ ಮಾಡುತ್ತೇನೆ. ಈ ಪಾತ್ರೆಗೆ ‘ಹೋಹಿನ್’ ಅಂತ ಹೆಸರು. ಸರಿಯಾಗಿ ನೋಡಿ, ಇದಕ್ಕೆ ಹಿಡಿಯೇ ಇಲ್ಲ. ಯಾಕೆ? ನೀರು ಅಷ್ಟು ಆರಿರುವುದರಿಂದ ಅಂಗೈಯಲ್ಲೇ ಹಿಡಿಯಬಹುದು. ಹಿಡಿಯಲು ಆಗದಷ್ಟು ಸುಟ್ಟರೆ ನೀರು ಇನ್ನೂ ಆರಿಲ್ಲ ಅಂತ ಲೆಕ್ಕ. ನಿಮ್ಮ ಮನೆಯಲ್ಲಿ ಇದು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಪಿಂಗಾಣಿ ಕಪ್ಪಿನ ಮೇಲೊಂದು ತಟ್ಟೆ ಮುಚ್ಚಿ, ಓರೆ ಮಾಡಿ ಬಸಿದರೆ ಅದೇ ಹೋಹಿನ್.

ನೀರು ಹಾಕಿದೆ. ಎರಡೂವರೆ ನಿಮಿಷ. ಅಲ್ಲಾಡಿಸುವುದಿಲ್ಲ, ಚಮಚ ಹಾಕಿ ಕಲಕುವುದಿಲ್ಲ. ಕಲಕಿದರೆ ಒಗರು ಬಿಡುತ್ತದೆ.

ಈ ಎರಡೂವರೆ ನಿಮಿಷದಲ್ಲಿ ನಾನು ಇವತ್ತು ಹೇಳಬೇಕೆಂದು ಬಂದ ಮುಖ್ಯ ಮಾತು ಹೇಳುತ್ತೇನೆ. ಈ ಟೀ ಬಗ್ಗೆ ಮಾತಾಡುವಾಗ ಜನ ಧ್ಯಾನ, ಮೌನ, ಝೆನ್ ಅಂತೆಲ್ಲ ಶುರು ಮಾಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನೀರು ಆರಿಸುವುದು ಶಾಸ್ತ್ರಕ್ಕಲ್ಲ. ಅಮೈನೋ ಆಮ್ಲಗಳು ತಣ್ಣನೆ ನೀರಲ್ಲೂ ಸುಲಭವಾಗಿ ಕರಗುತ್ತವೆ. ಒಗರಿನ ಕ್ಯಾಟೆಚಿನ್, ಕಹಿಯ ಕೆಫೀನ್ ಎರಡಕ್ಕೂ ಕಾವು ಬೇಕು. ತೋಟದವನು ಮೂರು ವಾರ ಬಿಸಿಲು ತಡೆದು ಒಗರನ್ನು ಕಮ್ಮಿ ಮಾಡಿದ. ಉಳಿದ ಒಗರು ಎಲೆಯಲ್ಲೇ ಇರಲಿ ಅಂತ ನಾವು ಕಾವು ತಡೆಯುತ್ತೇವೆ. ಅವನ ಕೆಲಸದ ಕೊನೇ ಭಾಗ ನಮ್ಮ ಅಡುಗೆಮನೆಯಲ್ಲಿ ಆಗುತ್ತದೆ, ಅಷ್ಟೇ.

ಆಯಿತು. ಈಗ ಬಗ್ಗಿಸುತ್ತೇನೆ. ಒಂದೇ ಬಟ್ಟಲಿಗೆ ಪೂರ್ತಿ ಹಾಕಬಾರದು, ನಾಲ್ಕಕ್ಕೂ ಸ್ವಲ್ಪ ಸ್ವಲ್ಪ, ಮತ್ತೆ ಹಿಂದಕ್ಕೆ. ಮೊದಲು ಬರುವುದು ತೆಳು, ಕೊನೆಗೆ ಬರುವುದು ಗಟ್ಟಿ. ಹನಿ ನಿಂತಿತು ಅಂದುಕೊಂಡಾಗಲೂ ಬಿಡಬೇಡಿ. ಇನ್ನೊಂದು ಹನಿ ಇರುತ್ತದೆ. ನೋಡಿ, ಬಂತು. ಇನ್ನೊಂದು. ಎಲೆ ಬಹಳಷ್ಟು ನೀರನ್ನು ಕುಡಿದುಬಿಟ್ಟಿದೆ. ಒಬ್ಬೊಬ್ಬರಿಗೆ ಸಿಗುವುದು ಎರಡು ಚಮಚ.

ಮುಂದಿನ ಸಾಲಿನ ನಾಲ್ಕು ಜನ ತಗೊಳ್ಳಿ. ಗಟಗಟ ಬೇಡ. ನಾಲಿಗೆ ಒದ್ದೆಯಾಗುವಷ್ಟು ತಗೊಂಡು, ನಾಲಿಗೆಯ ಮೇಲೆ ಓಡಾಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಏನನ್ನಿಸಿತು?

“ಇದು ಟೀ ಅಲ್ಲ, ಸಾರು” ಅಂದರು ಒಬ್ಬರು. ಸರಿಯಾಗಿ ಹೇಳಿದಿರಿ ಮೇಡಂ. ಇದೇ ಉಮಾಮಿ. 1908ರಲ್ಲಿ ಕೊಂಬು ಅನ್ನುವ ಕಡಲ ಪಾಚಿಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ತೆಗೆದು ಈ ರುಚಿಗೆ ಹೆಸರಿಟ್ಟವರು ಇಕೆದಾ ಕಿಕುನಾಏ. ಅವರೂ ಕ್ಯೋಟೋದವರೇ. ನನಗೆ ಮೊದಲ ಸಲ ಕುಡಿದಾಗ ನೆನಪಾದದ್ದು ಒಬ್ಬಟ್ಟಿನ ಸಾರು. ಹೂರಣಕ್ಕೆ ಬೇಳೆ ಬೇಯಿಸಿ ಬಸಿದ ಕಟ್ಟು, ಸ್ವಲ್ಪ ಸಿಹಿ, ನಾಲಿಗೆಯ ಹಿಂದೆ ಏನೋ ದಪ್ಪಗೆ ನಿಂತ ಹಾಗೆ. ಖಾರ ಹುಳಿ ತೆಗೆದುಬಿಟ್ಟು ಆ ತಳದ ರುಚಿಯನ್ನಷ್ಟೇ ನೆನಪಿಸಿಕೊಳ್ಳಿ.

ಇಲ್ಲೊಂದು ವಿಷಯ ಹೇಳಲೇಬೇಕು. ಜಪಾನಿನ ಟೀ ರುಚಿಯಲ್ಲಿ ‘ಶಿಬುಮಿ’ ಅನ್ನುವುದು ದೊಡ್ಡ ಮಾತು. ನನ್ನ ಜೊತೆಯಲ್ಲಿದ್ದ ಬೇರೆ ದೇಶದವರು ಅದನ್ನು ಕಹಿ ಅಂತಲೇ ತಿಳಿದು ಒದ್ದಾಡುತ್ತಿದ್ದರು. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಶಿಬುಮಿ ಅಂದರೆ ಒಗರು. ನೇರಳೆಹಣ್ಣು, ಬಾಳೆಕಾಯಿ, ಎಳೆ ಅಡಿಕೆ. ಬಾಯಿ ಜೋಮು ಹಿಡಿದ ಹಾಗೆ ಆಗುತ್ತದಲ್ಲ, ಅದು. ಕಹಿ ಬೇರೆ, ಒಗರು ಬೇರೆ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗ್ಯೊಕುರೊ ರುಚಿ ನೋಡಲು ಅರ್ಧ ತಯಾರಿ ನಮ್ಮ ನಾಲಿಗೆಗೆ ಆಗಲೇ ಆಗಿದೆ.

ಈಗ ನನ್ನ ಪೆದ್ದುತನದ ಕಥೆ. ಊರಿಗೆ ಬರುವಾಗ ಉಜಿಯ ಒಂದು ಅಂಗಡಿಯಲ್ಲಿ 50 ಗ್ರಾಂ ಪೊಟ್ಟಣ ತಂದಿದ್ದೆ. ಅಂಗಡಿಯಲ್ಲಿ ರುಚಿ ತೋರಿಸಿದಾಗ ಕಣ್ಣು ಮುಚ್ಚಿಕೊಂಡಿತ್ತು. ಮನೆಗೆ ಬಂದು, ಅಪ್ಪ ಅಮ್ಮನನ್ನು ಕೂರಿಸಿ, ದೊಡ್ಡ ಭಾಷಣ ಮಾಡಿ, ಇದೇ ಅಳತೆಯಲ್ಲಿ ಮಾಡಿದೆ. ಮಂಕು. ಬಣ್ಣ ಮಬ್ಬು, ರುಚಿ ಸಪ್ಪೆ. ಅಮ್ಮ ಕುಡಿದು, “ಸೊಪ್ಪು ಬೇಯಿಸಿದ ನೀರಿಗೆ ಅಷ್ಟು ದುಡ್ಡು ಕೊಟ್ಯಾ?” ಅಂದರು. ಅಂಗಡಿಯವರು ಬೇರೆ ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ ಅಂತ ಎರಡು ದಿನ ಬೈದುಕೊಂಡೆ. ತಪ್ಪು ಅವರದಲ್ಲ. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಕೆಟಲ್ ಒಳಗೆ ಬಿಳಿ ಪದರ ಕಟ್ಟುವಂಥ ಗಡಸು ನೀರು. ಜಪಾನಿನ ನೀರು ಬಹುಮಟ್ಟಿಗೆ ಮೆದು. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಈ ಟೀ ಬಾಯಿ ಬಿಡುವುದಿಲ್ಲ. ಮೂರನೇ ದಿನ ಫಿಲ್ಟರ್ ನೀರಲ್ಲಿ ಮಾಡಿದೆ. ಅಮ್ಮ ಏನೂ ಹೇಳಲಿಲ್ಲ, ಬಟ್ಟಲು ಮುಂದೆ ಚಾಚಿದರು. ನಲ್ಲಿಯಲ್ಲಿ ಕಾವೇರಿ ನೀರು ಬರುವವರು ಪುಣ್ಯವಂತರು, ಬೋರ್ ನೀರಿಗಿಂತ ಅದು ಎಷ್ಟೋ ವಾಸಿ.

ಅದೇ ಪೊಟ್ಟಣಕ್ಕೆ ಇನ್ನೊಂದು ಗತಿ ಕಾದಿತ್ತು. ಕ್ಲಿಪ್ ಹಾಕಿ ಫ್ರಿಜ್‌ನಲ್ಲಿಟ್ಟೆ. ಪಕ್ಕದಲ್ಲಿ ಸಾರಿನ ಪುಡಿ, ದೋಸೆ ಹಿಟ್ಟು. ಹದಿನೈದು ದಿನದಲ್ಲಿ ಎಲೆಗೆ ಇಂಗಿನ ವಾಸನೆ ಹತ್ತಿತು. ಒಡೆಯದ ಪೊಟ್ಟಣ ಫ್ರಿಜ್‌ನಲ್ಲಿರಲಿ. ತೆಗೆದ ತಕ್ಷಣ ಕತ್ತರಿಸಬೇಡಿ. ಹೊರಗಿನ ಕಾವಿಗೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ಎಲೆಯ ಮೇಲೆ ನೀರು ಕೂರುತ್ತದೆ. ಒಡೆದ ಮೇಲೆ ಬಿಗಿ ಡಬ್ಬಿಯಲ್ಲಿ ಹಾಕಿ, ಮಸಾಲೆಯಿಂದ ದೂರ ಇಟ್ಟು, ಬೇಗ ಮುಗಿಸಿ.

ಎರಡನೇ ಸುತ್ತು ಮಾಡೋಣ. ಫಿಲ್ಟರ್ ಕಾಫಿಯ ಹಾಗೇ ಇದಕ್ಕೂ ಮೊದಲನೇ ಡಿಕಾಕ್ಷನ್, ಎರಡನೇ ಡಿಕಾಕ್ಷನ್ ಇದೆ. ವ್ಯತ್ಯಾಸ ಏನೆಂದರೆ ಇಲ್ಲಿ ಎರಡನೆಯದು ಕೆಲಸದವರಿಗೆ ಕೊಡುವ ನೀರು ಕಾಫಿ ಆಗುವುದಿಲ್ಲ. ಎಲೆ ಆಗಲೇ ಬಿಚ್ಚಿಕೊಂಡಿದೆ. ನೀರು ಸ್ವಲ್ಪ ಜಾಸ್ತಿ ಬಿಸಿ, ಅರ್ಧ ನಿಮಿಷ ಸಾಕು. ಸಾರಿನ ದಪ್ಪ ಹೋಗಿ ಹಸಿರು ಪರಿಮಳ ಮುಂದೆ ಬರುತ್ತದೆ. ಮೂರನೆಯದಕ್ಕೆ ಇನ್ನೂ ಬಿಸಿ ನೀರು, ಆಗ ಹಿಂದೆ ಉಳಿದ ಒಗರೂ ಇಳಿಯುತ್ತದೆ. ನಿಜ ಹೇಳಬೇಕೆಂದರೆ ನನಗೆ ಎರಡನೆಯದೇ ಇಷ್ಟ.

ನಿದ್ದೆ ಬಗ್ಗೆ ಕೇಳಿದರು. ಬರುವುದಿಲ್ಲ! ತಣ್ಣನೆ ನೀರಲ್ಲಿ ಕೆಫೀನ್ ಕಮ್ಮಿ ಇಳಿಯುತ್ತದೆ ಅಂದೆ, ನಿಜ. ಆದರೆ ಎಲೆ ಎಷ್ಟು ಹಾಕಿದೆ ನೋಡಿದಿರಲ್ಲ. ನೆರಳಿನ ಎಳೆ ಚಿಗುರಿನಲ್ಲಿ ಕೆಫೀನೂ ಜಾಸ್ತಿ. ಜಪಾನಿನ ಸರ್ಕಾರಿ ಆಹಾರ ಕೋಷ್ಟಕದ ಪ್ರಕಾರ, ನಾನು ಈಗ ಮಾಡಿದ ಅಳತೆಯಲ್ಲೇ ಮಾಡಿದ ಗ್ಯೊಕುರೊದಲ್ಲಿ 100 ಎಂ.ಎಲ್.ಗೆ 160 ಮಿಲಿಗ್ರಾಂ ಕೆಫೀನ್. ಕಾಫಿಗೆ 60. ಕುಡಿಯುವುದು ಎರಡು ಚಮಚ ಅನ್ನುವುದೊಂದೇ ಸಮಾಧಾನ.

ರುಚಿ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಕುಡಿಯಲು ಆರಿದ ನೀರು, ಸರಿ. ಆದರೆ ಟೀ ವ್ಯಾಪಾರಿಗಳು ಎಲೆ ಕೊಳ್ಳುವಾಗ ಏನು ಮಾಡುತ್ತಾರೆ ಗೊತ್ತಾ? ಬಿಳಿ ಬಟ್ಟಲಿಗೆ 3 ಗ್ರಾಂ ಎಲೆ ಹಾಕಿ, ಕುದಿಯುವ ನೀರು ಸುರಿಯುತ್ತಾರೆ! ಒಳ್ಳೆಯ ರುಚಿ ನೋಡುವುದು ಅವರ ಉದ್ದೇಶವಲ್ಲ, ತಪ್ಪು ಹುಡುಕುವುದು. ಆರಿದ ನೀರು ತಪ್ಪನ್ನು ಮುಚ್ಚುತ್ತದೆ, ಕುದಿಯುವ ನೀರು ಬಯಲಿಗೆ ಎಳೆಯುತ್ತದೆ. ಹೆಣ್ಣು ನೋಡಲು ಹೋದವರು ಅಡುಗೆಮನೆ ಇಣುಕಿದ ಹಾಗೆ ಅಂತ ನನ್ನಜ್ಜಿ ಇದ್ದಿದ್ದರೆ ಹೇಳುತ್ತಿದ್ದರೇನೋ.

ಇದನ್ನೇ ಆಟ ಮಾಡಿಕೊಂಡಿದ್ದಾರೆ. ಚಾಕಬುಕಿ ಅಂತ ಹೆಸರು. ಐದು ಟೀ, ಸಾಮಾನ್ಯವಾಗಿ ಎರಡು ಗ್ಯೊಕುರೊ, ಮೂರು ಸೆಂಚಾ. ಅವುಗಳಿಗೆ ಹೂವು, ಹಕ್ಕಿ, ಗಾಳಿ, ಚಂದ್ರ, ಅತಿಥಿ ಅಂತ ಹೆಸರು. ಒಣ ಎಲೆಯನ್ನು ಮೊದಲೇ ತೋರಿಸುತ್ತಾರೆ. ಆಮೇಲೆ ಒಂದೊಂದೇ ಟೀ ಗೊತ್ತಿಲ್ಲದ ಕ್ರಮದಲ್ಲಿ ಬರುತ್ತದೆ. ಕುಡಿದು, ಯಾವುದೆಂದು ಊಹಿಸಿ, ಆ ಹೆಸರಿನ ಚೀಟಿಯನ್ನು ಪೆಟ್ಟಿಗೆಗೆ ಹಾಕಬೇಕು. ಹಾಕಿದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ. ಮೂರನೇ ಟೀ ಕುಡಿದಾಗ “ಅಯ್ಯೋ, ಮೊದಲನೆಯದು ಹಕ್ಕಿ ಅಲ್ಲ, ಇದು ಹಕ್ಕಿ” ಅಂತ ಹೊಳೆಯುತ್ತದೆ. ಹಕ್ಕಿ ಆಗಲೇ ಹಾರಿಹೋಗಿದೆ. ಕೈಯಲ್ಲಿ ಉಳಿದಿರುವ ಚೀಟಿಯಲ್ಲಿ ಒಂದನ್ನು, ತಪ್ಪು ಅಂತ ಗೊತ್ತಿದ್ದೂ ಹಾಕಬೇಕು. ಐದಕ್ಕೆ ನಾಲ್ಕು ಸರಿ ಬರುವುದು ಸಾಧ್ಯವೇ ಇಲ್ಲ, ಲೆಕ್ಕ ಮಾಡಿ ನೋಡಿ. ಒಂದು ತಪ್ಪಿದರೆ ಇನ್ನೊಂದು ತಪ್ಪಲೇಬೇಕು. ನನಗೆ ಬಂದದ್ದು ಐದಕ್ಕೆ ಒಂದು. ಪಕ್ಕದಲ್ಲಿದ್ದ ಹೈಸ್ಕೂಲ್ ಹುಡುಗಿ ಐದಕ್ಕೆ ಐದು.

ಕೊಳ್ಳುವವರಿಗೆ ಒಂದು ಮಾತು. ಪೊಟ್ಟಣದ ಮೇಲೆ ಕಬುಸೆಚಾ ಅಂತಿದ್ದರೆ ಅದೂ ನೆರಳಿನದೇ, ಆದರೆ ಒಂದೆರಡು ವಾರದ ನೆರಳು, ಬೆಲೆಯೂ ಕಮ್ಮಿ. ಮೊದಲ ಸಲಕ್ಕೆ ಅದು ಒಳ್ಳೆಯದು. ಹೊಸ ಟೀಯೇ ಬೇಕು ಅನ್ನುವ ಹಟ ಗ್ಯೊಕುರೊಗೆ ಬೇಡ. ಬೇಸಿಗೆ ಕಳೆದು ಶರತ್ಕಾಲದವರೆಗೆ ಇಟ್ಟರೆ ಹಸಿ ವಾಸನೆ ಹೋಗಿ ರುಚಿ ಕೂಡುತ್ತದೆ ಅಂತ ಅಲ್ಲಿನವರೇ ಕಾಯುತ್ತಾರೆ. ಈಗ ಮಾಚಾ ಹುಚ್ಚು ಜೋರು. ಗ್ಯೊಕುರೊ ಬೆಳೆಯುತ್ತಿದ್ದವರು ಅದೇ ಚಪ್ಪರದ ಕೆಳಗೆ ಮಾಚಾಕ್ಕೆ ಬೇಕಾದ ಎಲೆ ತೆಗೆಯುತ್ತಿದ್ದಾರೆ. ದುಡ್ಡು ಅಲ್ಲಿದೆ, ತಪ್ಪೇನಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಈ ಎಲೆಯನ್ನು ಕಸಕ್ಕೆ ಹಾಕಬೇಡಿ. ಮೂರು ಸಲ ಬಸಿದ ಮೇಲೂ ಇದು ಎಷ್ಟು ಮೆದುವಾಗಿದೆ ನೋಡಿ, ಬೇಯಿಸಿದ ಹರಿವೆಯ ಹಾಗೆ. ಅಲ್ಲಿ ಇದಕ್ಕೆ ಎರಡು ಹನಿ ಸೋಯಾ ಸಾಸ್ ಅಥವಾ ಹುಳಿ ಪೊನ್‌ಝು ಹಾಕಿ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ತೆಂಗಿನಕಾಯಿ, ಜೀರಿಗೆ, ಎರಡು ಕಾಳುಮೆಣಸಿನ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ತುಪ್ಪದ ಒಗ್ಗರಣೆ ಕೊಟ್ಟು ತಂಬುಳಿ ಮಾಡಿದರು. ಒಂದೆಲಗದ್ದು, ದೊಡ್ಡಪತ್ರೆಯದ್ದು ಮಾಡುವ ಹಾಗೇ. ಸ್ವಲ್ಪ ಒಗರು, ಅನ್ನಕ್ಕೆ ಚೆನ್ನಾಗಿತ್ತು. ಉಜಿಯ ಆ ಅಂಗಡಿಯ ಅಜ್ಜಿಗೆ ಮುಂದಿನ ಸಲ ಹೋದಾಗ ಹೇಳಿದೆ. ಮಜ್ಜಿಗೆ ಅಂದಾಗ ಮುಖ ಹುಳಿ ಮಾಡಿಕೊಂಡರು. ಆಮೇಲೆ ಒಂದು ಕಾಗದ ತಂದು, ಅಳತೆ ಬರೆದುಕೊಡಿ ಅಂದರು.